ಪುಟ್ಟಮ್ಮನ ಅಂಗಳದಲ್ಲಿ ಎರಡು ಗುಂಡು

ಕಳೆದ ಶನಿವಾರ ಮಧ್ಯಾಹ್ನ ನಮ್ಮೂರಲ್ಲಿ ಯಾರೂ ಸಾಯದೆ ಒಂದು ಸಾವಾಯಿತು. ಮಾಡಿದವನು ನಾನು.

ಗಾಬರಿಯಾಗಬೇಡಿ. ಪೊಲೀಸರು ಬರಲಿಲ್ಲ. ಬಂದಿದ್ದರೂ ಏನಂತ ಬರೆದುಕೊಳ್ಳುತ್ತಿದ್ದರು ಹೇಳಿ? ಸತ್ತವರು: ಯಾರೂ ಇಲ್ಲ. ಅತ್ತವರು: ಊರಿಗೆ ಊರೇ. ಆರೋಪಿ: ಇದೇ ಪತ್ರಿಕೆಯಲ್ಲಿ ವಾರವಾರ ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರು.

ಈ ವಾರ ಬೇರೆ ಏನನ್ನೋ ಬರೆಯಬೇಕು ಅಂತ ಕೂತಿದ್ದೆ (ಅಂಗೈ ಅಗಲದ ನಮ್ಮ ಕೊಡಗು ರಾಜ್ಯ ಮೈಸೂರಿಗೆ ಸೇರಬೇಕೋ ಬೇಡವೋ ಅನ್ನುವ ಆ ಮುಗಿಯದ ಚರ್ಚೆ). ಹರಿದು ಹಾಕಿದೆ. ಇಂಥ ಸಂಗತಿ ಕೈಯಲ್ಲಿ ಇಟ್ಟುಕೊಂಡು ಯಾರಾದರೂ ಅದನ್ನು ಬರೆಯುತ್ತಾರೆಯೇ?

ಈ ಪತ್ರಿಕೆಯನ್ನು ಸೇತುವೆಯ ಆಚೆ, ಮೈಸೂರು ರಾಜ್ಯದಲ್ಲೂ ಕೆಲವರು ಓದುತ್ತಾರೆ ಅಂತ ಸಂಪಾದಕರು ಹೇಳುತ್ತಾರೆ (ನಾನು ನಂಬಿಲ್ಲ). ಇದ್ದರೆ ಅವರಿಗಾಗಿ ಎರಡು ಮಾತು. ನಿಮ್ಮ ಹಾಗೆ ನಮ್ಮಲ್ಲಿ ಗೋಡೆಗೆ ಗೋಡೆ ಅಂಟಿಸಿ ಮನೆ ಕಟ್ಟುವುದಿಲ್ಲ. ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಆ ಗುಡ್ಡದಲ್ಲಿ, ನಡುವೆ ಕಾಫಿ ತೋಟ, ಗದ್ದೆ, ಒಂದು ತೋಡು (ನಿಮ್ಮ ಮಾತಿನಲ್ಲಿ ಸಣ್ಣ ಹಳ್ಳ). ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ನಮ್ಮ ಹಿರಿಯರು ಸುದ್ದಿ ಹೇಳುವ ಕೆಲಸವನ್ನು ಕೋವಿಗೆ ಒಪ್ಪಿಸಿದರು. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು ಗುಂಡು, ಒಂದರ ಬೆನ್ನಿಗೆ ಒಂದು. ಎರಡು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಆ ಮನೆಗೆ ಓಡಬೇಕು. ಮೂರು ವರ್ಷದ ಮಗುವಿಗೂ ಗೊತ್ತಿರುವ ಲೆಕ್ಕ ಇದು.

ಹೆಣ್ಣು ಹುಟ್ಟಿದರೆ? ಗುಂಡಿಲ್ಲ. ಕೋವಿ ಗೋಡೆಯ ಮೇಲೇ ಇರುತ್ತದೆ.

ಈಗ ನಿಂಗೇಗೌಡನ ವಿಷಯಕ್ಕೆ ಬರುತ್ತೇನೆ. ಹಾಸನದ ಕಡೆಯಿಂದ ಮೂರು ವರ್ಷದ ಕೆಳಗೆ ಹೆಂಡತಿ ಪುಟ್ಟಮ್ಮನನ್ನೂ ಎರಡು ಎತ್ತನ್ನೂ ಕರೆದುಕೊಂಡು ಬಂದವನು. ಫ್ರೇಸರ್‌ಪೇಟೆಯ (ಕುಶಾಲನಗರ ಅನ್ನಿ, ನನಗೇನು) ಸೇತುವೆ ದಾಟಿ, ಹಾರಂಗಿ ಹೊಳೆಯ ಬದಿಯಲ್ಲಿ ನಮ್ಮೂರಿನ ಒಂದು ಗದ್ದೆಯನ್ನು ಗೇಣಿಗೆ ಹಿಡಿದು ನಿಂತ. ಹೊಳೆಯ ಬದಿಯಲ್ಲಿ ಅದೊಂದೇ ಮನೆ. ಗದ್ದೆಯ ಮೇಲಿನ ಒಣ ನೆಲದಲ್ಲಿ ರಾಗಿ ಹಾಕಿದ. ಅಕ್ಕಿರೊಟ್ಟಿ, ಕಡುಬು ತಿನ್ನುವ ನಮ್ಮೂರಿಗೆ ಅದೊಂದು ದೊಡ್ಡ ಜೋಕಾಯಿತು. ಸಂತೆಯಲ್ಲಿ ಅವನನ್ನು ಕಂಡರೆ "ಓ, ಮೈಸೂರಿನವನು" ಅನ್ನುತ್ತಿದ್ದೆವು. ಹೆಸರು ಕೇಳುವುದಕ್ಕೆ ನಮಗೆ ಒಂದು ವರ್ಷ ಬೇಕಾಯಿತು.

"ಅನ್ನುತ್ತಿದ್ದೆವು" ಅಂತ ಬರೆದಿದ್ದೇನೆ, ಗಮನಿಸಿ. ಅದರಲ್ಲಿ ನಾನೂ ಇದ್ದೇನೆ. ನಾನು ಯಾರು? ಕರಿಕೆಯ ಕಡೆಯ ಅರೆಭಾಷೆ ಗೌಡ. ನಮ್ಮ ಮುತ್ತಜ್ಜನ ಅಜ್ಜನೋ ಯಾರೋ ಘಟ್ಟದ ಕೆಳಗಿನಿಂದ ಹತ್ತಿ ಬಂದವರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅವರನ್ನೂ ಯಾರೋ "ಓ, ಘಟ್ಟದ ಕೆಳಗಿನವನು" ಅಂದಿರಬೇಕಲ್ಲ? ನಾನು ಮೇಷ್ಟ್ರ ಕೆಲಸ ಸಿಕ್ಕಿ ಈ ಊರಿಗೆ ಬಂದದ್ದು ನಿಂಗೇಗೌಡನಿಗಿಂತ ಬರೀ ಎಂಟು ವರ್ಷ ಮೊದಲು. ಆದರೆ ಬಸ್ಸಿನಲ್ಲಿ ಸೀಟು ಸಿಕ್ಕಿದವನಿಗೆ ಮುಂದಿನ ಸ್ಟಾಪಿನಲ್ಲಿ ಹತ್ತುವವರನ್ನು ಕಂಡರೆ ಆಗುವುದಿಲ್ಲ.

ಕಾರ್ತಿಕ ಮಾಸದಲ್ಲಿ ಒಂದು ಸಂಜೆ ನಿಂಗೇಗೌಡ ಸ್ಕೂಲಿನ ಹತ್ತಿರ ಬಂದ. ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತ.

"ಮೇಷ್ಟ್ರೇ, ಮೊನ್ನೆ ಆಚೆ ತ್ವಾಟದಲ್ಲಿ ಢಂ ಅಂತಲ್ಲ, ಏನದು? ಹಂದಿ ಹೊಡೆದ್ರಾ?"

"ಹಂದಿಯಲ್ಲ ಮಾರಾಯ. ಆ ಮನೆಯಲ್ಲಿ ಗಂಡು ಮಗು ಹುಟ್ಟಿತು. ಊರಿಗೆ ತಿಳಿಯಲಿ ಅಂತ ಒಂದು ಗುಂಡು ಹಾರಿಸುತ್ತಾರೆ."

ಅವನು ಕಾಲ್ಬೆರಳಿನಿಂದ ನೆಲ ಕೆರೆದ. "ನಮ್ಮನೆಯೋಳಿಗೂ ಈಗ ತಿಂಗಳು ತುಂಬ್ತಾ ಅದೆ. ನಂಗೂ ಒಂದು ಹೊಡ್ದು ಕೊಡ್ತೀರಾ?"

ನಾನು ಉತ್ತರ ಕೊಡಲು ತಡವರಿಸಿದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವುದು ನಮ್ಮ ಜಮ್ಮಾ ಹಿಡುವಳಿಯವರ, ಅಂದರೆ ವಂಶದಿಂದ ಬಂದ ಭೂಮಿ ಇರುವವರ, ಹಕ್ಕು. ಸೇತುವೆ ದಾಟಿ ಬಂದವನಿಗೆ ಅದಿಲ್ಲ. ಆದರೆ ನನ್ನ ತಡವರಿಕೆ ಕಾನೂನಿನದಲ್ಲ. ಆ ಗುಂಡು ನಮ್ಮದಲ್ಲವೇ? ಮೈಸೂರಿನವನ ಮಗುವಿಗೆ ನಮ್ಮ ಗುಂಡು ಹೊಡೆದರೆ ಊರವರು ಏನಂದಾರು?

ಆಗ ಅವನು ಉಳಿದದ್ದನ್ನೂ ಹೇಳಿದ. ಪುಟ್ಟಮ್ಮನಿಗೆ ಈ ಊರಲ್ಲಿ ಎರಡು ಮಕ್ಕಳು ಹುಟ್ಟಿದವು. ಎರಡೂ ಉಳಿಯಲಿಲ್ಲ. ಎರಡನೆಯದು ಹೋದದ್ದು ಹೋದ ವರ್ಷ. ಮೂರು ದಿನ ಗಂಡ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ಒಬ್ಬರು, ಒಂದೇ ಒಂದು ನರಪಿಳ್ಳೆ ಹೊಸಿಲು ತುಳಿಯಲಿಲ್ಲ. ಪುಟ್ಟಮ್ಮ ಅವತ್ತೇ ಹೇಳಿದ್ದಳಂತೆ: ಇನ್ನೊಂದು ಹೆತ್ತರೆ, ಬಾಣಂತನಕ್ಕೆ ತವರಿಗೇ ಹೊರಟುಹೋಗುತ್ತೇನೆ, ಮತ್ತೆ ಇಲ್ಲಿಗೆ ಬರುವುದಿಲ್ಲ, ನೀನು ಬಂದರೆ ಬಾ, ಬಿಟ್ಟರೆ ಬಿಡು. ಕರೆದೊಯ್ಯಲು ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬರುತ್ತಾನಂತೆ.

"ಅವಳು ಹೋದ್ರೆ ನಾನೊಬ್ಬ ಇಲ್ಲಿದ್ದು ಏನ್ಮಾಡ್ಲಿ? ಗದ್ದೆ ಬಿಟ್ಟು ಹೋಗೋದೇಯ," ಅಂದ. "ಅದ್ಕೇ ಮೇಷ್ಟ್ರೇ. ಒಂದು ಗುಂಡು ಹೊಡೆದ್ರೆ, ನಮ್ಮನೆಯೋಳಿಗೂ ಅನ್ನಿಸ್ಬೋದು, ನಾವೂ ಈ ಊರೋರು ಅಂತ."

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದಳು. ತಲೆ ಎತ್ತದೆ ಅರೆಭಾಷೆಯಲ್ಲಿ ಒಂದೇ ಮಾತು ಕೇಳಿದಳು: "ಕೋವಿಗೆ ಗೊತ್ತುಟಾ, ಯಾರ ಮಗು ಅಂತ?"

ನಮ್ಮ ಮನೆಯಲ್ಲಿ ಚರ್ಚೆಗಳು ಹೀಗೆ ಮುಗಿಯುತ್ತವೆ.

ಇಲ್ಲಿ ನನ್ನ ಮೊದಲ ತಪ್ಪನ್ನು ಒಪ್ಪಿಕೊಳ್ಳಬೇಕು. ನಿಂಗೇಗೌಡನಿಗೆ ನಾನು ಹುಟ್ಟಿನ ಗುಂಡಿನ ವಿಷಯ ಮಾತ್ರ ಹೇಳಿದ್ದೆ. ಸಾವಿನ ಗುಂಡಿನ ವಿಷಯ ಹೇಳಿರಲಿಲ್ಲ. ಹುಟ್ಟಿನ ಮಾತಾಡುವಾಗ ಸಾವಿನ ಮಾತು ಯಾಕೆ ಅಂತ ನುಂಗಿಕೊಂಡೆ. ಸೂಕ್ಷ್ಮ ಮನಸ್ಸು ನೋಡಿ ನನ್ನದು!

ಶನಿವಾರ ಬಂತು. ಸ್ಕೂಲು ಅರ್ಧ ದಿನ. ಪುಟ್ಟಮ್ಮನಿಗೆ ನೋವು ಶುರುವಾಗಿದೆ ಅಂತ ನಿಂಗೇಗೌಡ ಹೇಳಿ ಕಳಿಸಿದ್ದ. ನಾನು ಜೋಡುನಳಿಗೆ ಕೋವಿಗೆ ಎರಡು ತೋಟೆ ತುಂಬಿ (ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ) ಹೊಳೆಯ ಬದಿಗೆ ಇಳಿದೆ. ನಿಂಗೇಗೌಡನ ಅಂಗಳದಲ್ಲಿ ಗಾಡಿ ನಿಂತಿತ್ತು. ಅಣ್ಣ ಬಂದೇಬಿಟ್ಟಿದ್ದ. ಗಾಡಿಗೆ ಹೊಸ ಹುಲ್ಲು ಹಾಸಿ, ಮೇಲೆ ಕಂಬಳಿ ಮಡಿಸಿ ಇಟ್ಟು, ಕೆಳಗೆ ಕೂತು ಬೀಡಿ ಸೇದುತ್ತಿದ್ದ. ಒಳಗೆ ಸೂಲಗಿತ್ತಿ ಆಮಿನುಮ್ಮ. ನಮ್ಮ ನಾಲ್ಕು ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದ ಮಾಪಿಳ್ಳೆ ಮುದುಕಿ. ಮಲಯಾಳದಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಾಳೆ.

ಗುಡ್ಡದ ಮೇಲೆ ಪೊನ್ನಪ್ಪಜ್ಜನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿ ನಡೆದಿತ್ತು. ಕೂಲಿಗಳ ಲೈನುಮನೆಯ ತಮಿಳು ಹೆಂಗಸರ ಮಾತು, ನಗು, ಮೇಸ್ತ್ರಿಯ ಕೂಗು ಎಲ್ಲ ಕೆಳಗಿನವರೆಗೆ ಕೇಳುತ್ತಿತ್ತು.

ಒಂದು ಗಂಟೆ ಹೋಯಿತು. ಎರಡು ಹೋಯಿತು. ನಿಂಗೇಗೌಡ ಅಂಗಳಕ್ಕೆ ಎಷ್ಟು ಸುತ್ತು ಹಾಕಿದನೋ. ಆಮೇಲೆ ಒಳಗಿನಿಂದ ಒಂದು ಅಳು! ಎಳೆಯ, ಕಟ್ಟುಮಸ್ತಾದ, ಸಿಟ್ಟಿನ ಅಳು!

"ಮೋನ್! ಗಂಡು!" ಆಮಿನುಮ್ಮ ಕೂಗಿದಳು.

ನಾನು ಕೋವಿ ಎತ್ತಿದೆ. ಅಷ್ಟರಲ್ಲಿ, "ಎಂಡೆ ಪಡಚೋನೇ! ನಿಲ್ಲಿ, ನಿಲ್ಲಿ! ಇನ್ನೊಂದು ಉಂಟು!"

ಇನ್ನೊಂದು! ನಿಂಗೇಗೌಡ ಅಲ್ಲೇ ಕುಕ್ಕರಿಸಿದ. ಅಣ್ಣನ ಬೀಡಿ ಕೆಳಗೆ ಬಿತ್ತು. ನನ್ನ ಕೈ ಮೇಲೆಯೇ ಇತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಭುಜ ಸೋತು ಬಂತು. ಆಗ ಇನ್ನೊಂದು ಅಳು, ಸ್ವಲ್ಪ ಸಣ್ಣದು. "ಇದು ಮೋಳು. ಹೆಣ್ಣು. ತಾಯಿ ಗಟ್ಟಿ ಇದ್ದಾಳೆ. ಬಿಸಿನೀರು ತನ್ನಿ!"

ನಿಂಗೇಗೌಡ ಎದ್ದ. ಅವನ ಮುಖ ಹೇಗಿತ್ತು ಅಂತ ಬರೆಯುವುದಕ್ಕೆ ನನಗೆ ಬರುವುದಿಲ್ಲ. ಎರಡು ಮಕ್ಕಳನ್ನು ಹೂತ ಮನೆಗೆ ಒಂದೇ ದಿನ ಎರಡು ಮಕ್ಕಳು ಬಂದಿದ್ದವು.

"ಹೊಡೀರಿ ಮೇಷ್ಟ್ರೇ! ಎರಡು ಹೊಡೀರಿ!"

"ಹೆಣ್ಣಿಗೆ ಹೊಡೆಯುವುದಿಲ್ಲ ಕಣಯ್ಯ. ಗಂಡಿಗೆ ಮಾತ್ರ, ಒಂದು."

"ಯಾಕೆ?"

ಯಾಕೆ? ನೀವಾದರೂ ಹೇಳಿ, ಯಾಕೆ? ಹನ್ನೊಂದು ವರ್ಷದಿಂದ ಈ ಊರಿನ ಮಕ್ಕಳಿಗೆ ಪಾಠ ಹೇಳಿದ್ದೇನೆ, ವಾರವಾರ ಇಲ್ಲಿ ಸಂಪ್ರದಾಯದ ಬಗ್ಗೆ ಕೊರೆದಿದ್ದೇನೆ. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಸೇತುವೆ ದಾಟಿ ಬಂದವನು ಬಂದು ಕೇಳಬೇಕಾಯಿತು. ಅವಳೂ ಅದೇ ಹೊಟ್ಟೆಯಿಂದ ತಾನೇ ಬಂದದ್ದು? ನನಗೆ ಒಮ್ಮೆಗೇ ಏನೋ ಹುಮ್ಮಸ್ಸು ಬಂತು. ಇರಲಿ! ಇವನಿಗೊಂದು, ಅವಳಿಗೊಂದು!

ಢಂ! ಢಂ!

ಹೊಳೆಯ ಆಚೆಯ ಗುಡ್ಡಕ್ಕೆ ಬಡಿದು ಸದ್ದು ವಾಪಸು ಬಂತು. ನಾನು ನಗುತ್ತಾ ಕೋವಿ ಇಳಿಸಿದೆ. ಆಮೇಲೆ ಗಮನಿಸಿದೆ, ಮೇಲೆ ಎಸ್ಟೇಟಿನಲ್ಲಿ ಹೆಂಗಸರ ಮಾತು ನಿಂತಿತ್ತು. ಮೇಸ್ತ್ರಿಯ ಕೂಗು ನಿಂತಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಆಗ ಹೊಳೆಯಿತು ನನಗೆ. ಒಂದರ ಬೆನ್ನಿಗೆ ಒಂದು. ಎರಡು.

ಏನು ಮಾಡಲಿ? ಮೂರನೆಯ ಗುಂಡು ಹೊಡೆದು "ಮೊದಲಿನದು ಸುಳ್ಳು" ಅಂತ ತಿಳಿಸುವ ಏರ್ಪಾಡನ್ನು ನಮ್ಮ ಹಿರಿಯರು ಮಾಡಿಟ್ಟಿಲ್ಲ. ಮಾಡಿಟ್ಟಿದ್ದರೂ ತೋಟೆ ಖಾಲಿ. ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಮೊದಲ ಅಳು ಕೇಳಿತು. ಹೆಂಗಸೊಬ್ಬಳ ಉದ್ದನೆಯ ಅಳು. ಅದಕ್ಕೆ ಇನ್ನೊಂದು ಸೇರಿತು. ಪುಟ್ಟಮ್ಮನಿಗೆ ದಿನ ತುಂಬಿದ್ದು ಎಲ್ಲರಿಗೂ ಗೊತ್ತು. ಹೊಳೆಬದಿಯಲ್ಲಿ ಇರುವುದು ಒಂದೇ ಮನೆ. ಹೆರಿಗೆಯಲ್ಲಿ ಹೋದಳು ಅಂತ ಊರು ತೀರ್ಮಾನಿಸಿತ್ತು.

ಬಂದರು ನೋಡಿ! ಎಲ್ಲಿಂದ ಬಂದರೋ! ಕಾಫಿ ಗಿಡಗಳ ನಡುವಿನಿಂದ ಲೈನಿನವರು, ಸೊಂಟದ ಪಿಕ್ಕಿಂಗ್ ಚೀಲ ಬಿಚ್ಚದೆ ಎದೆ ಬಡಿದುಕೊಂಡು ಇಳಿದರು. ಮೇಸ್ತ್ರಿ ಮುರುಗೇಶ ಚಟ್ಟಕ್ಕೆ ಅಂತ ಎರಡು ಬಿದಿರು ಕಡಿದು ಹೆಗಲ ಮೇಲೆ ಹೊತ್ತು ತಂದ. ಅವನ ಹಿಂದೆ ಇಬ್ಬರು ತಮಟೆಯವರು. ಸಂತೆಬೀದಿಯ ಮಾಪಿಳ್ಳೆ ಅಂಗಡಿಯವರು ಅಂಗಡಿಗೆ ಹಲಗೆ ಹಾಕಿ ಬಂದರು. ಗಾರೆ ಕೆಲಸದ ತುಳುವರು ಕೈಯ ಸುಣ್ಣ ತೊಳೆಯದೆ ಬಂದರು. ನನ್ನ ಹೆಂಡತಿ ಕೂಡ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದಳು. ಆ ಅಂಗಳದಲ್ಲಿ ಎಷ್ಟು ಭಾಷೆಯಲ್ಲಿ ಅಳು ಇತ್ತು ಅಂತ ಎಣಿಸಲು ಹೋಗಿ ಐದಕ್ಕೆ ಬಿಟ್ಟುಬಿಟ್ಟೆ.

ಎಲ್ಲರಿಗಿಂತ ಮುಂದೆ ಪೊನ್ನಪ್ಪಜ್ಜ. ಎಪ್ಪತ್ತು ದಾಟಿದ ಕೊಡವ ಹಿರಿಯ, ಊರಿನ ಮಾತು ಮುರಿಯದ ಮನುಷ್ಯ. ಮೂರು ವರ್ಷದಲ್ಲಿ ನಿಂಗೇಗೌಡನ ಹತ್ತಿರ ಗದ್ದೆಯ ನೀರಿನ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಬಿಳಿ ಬಟ್ಟೆ ಹೊದ್ದು, ಬರಿಗಾಲಲ್ಲಿ, ಏದುಸಿರು ಬಿಡುತ್ತಾ ಇಳಿದು ಬಂದರು. ಹಿಂದೆ ಅವರ ಹೆಂಡತಿ ಪೂವಮ್ಮಜ್ಜಿ. "ದಾರ್? ದಾರ್?" ಯಾರು, ಯಾರು ಅಂತ ಕೊಡವ ತಕ್ಕಿನಲ್ಲಿ ಕೇಳುತ್ತಾ ಅಜ್ಜ ನಿಂಗೇಗೌಡನ ಎರಡು ಕೈಯನ್ನೂ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

ನಾನು ಬಾಯಿ ತೆರೆದೆ. ಆ ಅಳುವಿನ ಗದ್ದಲದಲ್ಲಿ ನನ್ನ ಮಾತು ಯಾರಿಗೂ ಕೇಳಲಿಲ್ಲ.

ನಿಂಗೇಗೌಡನಿಗೆ ಏನು ಅರ್ಥವಾಯಿತು? ಗುಂಡು ಹೊಡೆದರೆ ಊರಿಗೆ ತಿಳಿಯುತ್ತದೆ ಅಂತ ಮೇಷ್ಟ್ರು ಹೇಳಿದ್ದರು, ತಿಳಿದು ಊರೇ ಬಂದಿದೆ! ಅಳುತ್ತಿದ್ದಾರೆ, ಇರಬಹುದು, ಕೊಡಗಿನ ಪದ್ಧತಿ! ಅವನು ಒಳಗೆ ಓಡಿ, ಅವರ ಕಡೆಯ ರೂಢಿಯಂತೆ ತಟ್ಟೆಯ ತುಂಬ ಬೆಲ್ಲ, ಕೊಬ್ಬರಿ ತಂದ. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ ಪೊನ್ನಪ್ಪಜ್ಜನ ಮುಂದೆ ಹಿಡಿದ.

"ತಗೊಳಿ ಅಜ್ಜ! ಬಾಯಿ ಸಿಹಿ ಮಾಡ್ಕೊಳಿ!"

ಪೊನ್ನಪ್ಪಜ್ಜ ತಟ್ಟೆ ನೋಡಿದರು. ನಿಂಗೇಗೌಡನ ಮುಖ ನೋಡಿದರು. ನಿಧಾನವಾಗಿ ಅವನ ತಲೆಯ ಮೇಲೆ ಕೈ ಇಟ್ಟು, ಮುರುಗೇಶನ ಕಡೆ ತಿರುಗಿ ಮೆಲ್ಲಗೆ ಅಂದರು: "ಪಾಪ. ತಲೆ ಕೆಟ್ಟಿದೆ. ಇಬ್ಬರು ಹಿಡಿದುಕೊಳ್ಳಿ."

ಮುರುಗೇಶ ಬಿದಿರು ಕೆಳಗಿಟ್ಟು ನಿಜವಾಗಿಯೂ ಹಿಡಿದುಕೊಂಡ! ತಟ್ಟೆ ಹಾರಿತು, ಬೆಲ್ಲ ಅಂಗಳದ ತುಂಬ ಚೆಲ್ಲಿತು. "ಬಿಡ್ರಯ್ಯ, ನಂಗೇನಾಗಿದೆ?" ಅಂತ ನಿಂಗೇಗೌಡ ಕೊಸರಾಡಿದ. ಅವನು ಕೊಸರಾಡಿದಷ್ಟೂ ಇವರು ಗಟ್ಟಿ ಹಿಡಿದರು. ತಮಟೆಯವರು ಇದೇ ಸಮಯ ಅಂತ ಶುರು ಮಾಡಿಯೇಬಿಟ್ಟರು.

ಆ ಗದ್ದಲಕ್ಕೆ ಒಳಗೆ ಮಲಗಿದ್ದವರಿಗೆ ಎಚ್ಚರವಾಯಿತು. ಮೊದಲು ಒಂದು. ಆಮೇಲೆ ಇನ್ನೊಂದು. ಎರಡೂ ಸೇರಿ ತಾರಸ್ವರದಲ್ಲಿ. ಬಾಗಿಲಿಗೆ ಆಮಿನುಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಿದು ಬೊಬ್ಬೆ? ಬಾಣಂತಿ ಮಲಗುವುದು ಬೇಡವಾ? ಯಾರು ಸತ್ತದ್ದು?"

ಪೊನ್ನಪ್ಪಜ್ಜ ಸುತ್ತ ನೋಡಿದರು. ಅವರ ನೋಟ ನನ್ನ ಕೈಯ ಕೋವಿಯ ಮೇಲೆ ಬಂದು ನಿಂತಿತು. ಯಾವತ್ತೂ ನನಗೆ "ನೀವು" ಅನ್ನುವವರು ಅವತ್ತು ಏಕವಚನಕ್ಕೆ ಇಳಿದರು.

"ಎರಡು ಹೊಡೆದದ್ದು ನೀನಾ?"

"ಹೌದು ಅಜ್ಜ."

"ನೀನು ಕೊಡಗಿನಲ್ಲಿ ಹುಟ್ಟಿದವನಾ, ಅಲ್ಲವಾ? ಮಕ್ಕಳಿಗೆ ಇದನ್ನೇ ಪಾಠ ಮಾಡುವುದಾ?"

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಕೋವಿ ಸಮೇತ ಇಳಿದುಹೋಗುತ್ತಿದ್ದೆ. ಆಗ ನಿಂಗೇಗೌಡ ಮುರುಗೇಶನ ಕೈ ಬಿಡಿಸಿಕೊಂಡು ನಡುವೆ ಬಂದ. "ಅವರ್ನ ಬೈಬೇಡಿ ಅಜ್ಜ. ನಾನೇ ಹೊಡ್ಸಿದ್ದು. ಗಂಡಿಗೊಂದು, ಹೆಣ್ಣಿಗೊಂದು. ಎರಡು ಅಂದ್ರೆ ನಿಮ್ಮಲ್ಲಿ ಏನಂತ ನಂಗೊತ್ತಿಲ್ಲ."

ಯಾರೋ ಹೇಳಿದರು. ಎರಡು ಅಂದರೆ ಸಾವು.

ಅವನು ಬಾಗಿಲ ಕಡೆ ತಿರುಗಿದ. ಎರಡು ಕೂಸು ಕಳೆದುಕೊಂಡವನು. ಈಗ ಹುಟ್ಟಿದ ಕೂಸುಗಳಿಗೆ ಸಾವಿನ ಗುಂಡು ಹೊಡೆಸಿದ್ದ. ಒಳಗೆ ಪುಟ್ಟಮ್ಮನಿಗೂ ಕೇಳಿರಬೇಕು, ಬಿಕ್ಕುವ ಸದ್ದು ಬಂತು. ಅಣ್ಣ ಎದ್ದು ನಿಂತ. "ನಡೀ ಬಾವ, ಸಾಕು ಈ ಸೀಮೆ. ಇವತ್ತೇ ಗಾಡಿ ಕಟ್ತೀನಿ," ಅಂದ. ಆ ಒಂದು ಕ್ಷಣ ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತು ಅಂದರೆ, ಕೋವಿಯನ್ನು ಹೊಳೆಗೆ ಎಸೆಯಬೇಕು ಅನ್ನಿಸಿತು. ಒಂದು ಸಂಸಾರವನ್ನು ಊರಿಗೆ ಸೇರಿಸಲು ಹೋಗಿ ಊರು ಬಿಡಿಸಿದ್ದೆ.

ಕಾಪಾಡಿದ್ದು ಯಾರು ಅಂದುಕೊಂಡಿರಿ? ಆಮಿನುಮ್ಮ. ಗಟ್ಟಿಯಾಗಿ ನಕ್ಕುಬಿಟ್ಟಳು.

"ಎಂಥ ಅಳುವುದು ನೀವು? ಸುಳ್ಳು ಸಾವಿನ ಸುದ್ದಿ ಬಂದರೆ ಆಯುಸ್ಸು ಗಟ್ಟಿ. ನಮ್ಮ ಮಲಬಾರಿನಲ್ಲಿ ಹಾಗೆಯೇ ಹೇಳುವುದು."

"ನಮ್ಮಲ್ಲಿಯೂ ಹಾಗೆಯೇ," ಅಂದರು ಪೂವಮ್ಮಜ್ಜಿ.

"ನಮ್ಮ ಊರ್ಲ ಕೂಡ ಹಾಗೇನೇ ಸಾರ್," ಅಂದ ಮುರುಗೇಶ.

"ನಮ್ ಕಡೆನೂ ಅಂತಾರೆ," ಅಂತ ಗಾಡಿಯ ಹತ್ತಿರದಿಂದ ಅಣ್ಣನೇ ಗೊಣಗಿದ! ನನ್ನ ಹೆಂಡತಿ "ಹೌದು" ಅಂದಳು, ಗಾರೆಯ ತುಳುವರು "ಅಂದ್ ಅಂದ್" ಅಂದರು. ಮಡಿಕೇರಿಯ ಸಭೆಗಳಲ್ಲಿ ಕೂತು ನಾವು ಇಷ್ಟು ಜನ ಯಾವ ವಿಷಯದಲ್ಲಾದರೂ ಒಪ್ಪಿದ್ದು ಉಂಟೇ? ಎಷ್ಟು ಊರಿನಿಂದ ಬಂದವರು, ಎಷ್ಟು ದೇವರಿಗೆ ಕೈ ಮುಗಿಯುವವರು, ಎಲ್ಲರ ಗಂಟಿನಲ್ಲೂ ಅದೇ ಒಂದು ನಂಬಿಕೆ ಇತ್ತು. ನನಗೆ ಕುಣಿಯಬೇಕು ಅನ್ನಿಸಿತು. (ಆ ಪರಿಸ್ಥಿತಿಯಲ್ಲಿ ಕುಣಿದಿದ್ದರೆ ನನ್ನನ್ನೂ ಇಬ್ಬರು ಹಿಡಿದುಕೊಳ್ಳುತ್ತಿದ್ದರು.)

ಪೊನ್ನಪ್ಪಜ್ಜ ಮಾತ್ರ ಇನ್ನೂ ಗುರುಗುಡುತ್ತಿದ್ದರು. "ಆಯುಸ್ಸು ಇರಲಿ. ಹೆಣ್ಣಿಗೆ ಗುಂಡು ಹೊಡೆಯುವುದು ಎಲ್ಲಿಯ ಕ್ರಮ?"

ಪೂವಮ್ಮಜ್ಜಿ ಗಂಡನ ಕಡೆ ತಿರುಗಿದರು. "ನಾನು ಐದು ಹೆಣ್ಣು ಹೆತ್ತೆ. ಐದು ಸಲವೂ ನಿಮ್ಮ ಕೋವಿ ಗೋಡೆಯಲ್ಲೇ ಇತ್ತು. ನಾನೇನಾದರೂ ಕೇಳಿದೆನಾ? ಈಗ ನೀವೂ ಕೇಳಬೇಡಿ."

ಅಷ್ಟು ಹೇಳಿ ಅಜ್ಜಿ ಹೊಸಿಲು ದಾಟಿ ಒಳಗೆ ಹೋದರು. ಅವರ ಹಿಂದೆ ನನ್ನ ಹೆಂಡತಿ. ಅವಳ ಹಿಂದೆ ಲೈನಿನ ಹೆಂಗಸರು, ಚೀಲ ಬಿಚ್ಚಿ ಜಗಲಿಯ ಮೇಲಿಟ್ಟು. ಆ ಸಣ್ಣ ಮನೆಯಲ್ಲಿ ಅಷ್ಟು ಜನ ಹೇಗೆ ಹಿಡಿಸಿದರೋ ನನಗೆ ಗೊತ್ತಿಲ್ಲ.

ಪೊನ್ನಪ್ಪಜ್ಜ ಜಗಲಿಯಲ್ಲಿ ಕೂತರು. ನಿಂಗೇಗೌಡನನ್ನು ಕೇಳಿದರು: "ಹೋದ ವರ್ಷ ನಿನ್ನ ಮಗು ಹೋದಾಗ ಯಾಕೆ ಗುಂಡು ಹೊಡೆಸಲಿಲ್ಲ?"

"ನಂಗೇನ್ ಗೊತ್ತಿತ್ತು ಅಜ್ಜ? ನಮ್ಮೂರಲ್ಲಿ ಸಾವಿಗೆ ಯಾರೂ ಹೇಳಿ ಕಳಿಸಲ್ಲ. ಪಕ್ಕದ ಮನೆ ಒಲೇಲಿ ಹೊಗೆ ಏಳ್ಲಿಲ್ಲ ಅಂದ್ರೆ ಜನ ಬಂದು ಬಾಗಿಲು ತಟ್ತಾರೆ. ಮೂರು ದಿನ ನಾವು ಒಲೆ ಹಚ್ಲಿಲ್ಲ. ಯಾರೂ ಬರ್ಲಿಲ್ಲ."

ಪೊನ್ನಪ್ಪಜ್ಜ ಗುಡ್ಡದ ಕಡೆ ನೋಡಿದರು. ಅವರ ಮನೆಗೂ ಈ ಮನೆಗೂ ನಡುವೆ ಮುಕ್ಕಾಲು ಮೈಲಿ ಕಾಫಿ, ಕಿತ್ತಳೆ, ಸಿಲ್ವರ್ ಮರ. ಅಲ್ಲಿಂದ ಯಾವ ಒಲೆಯ ಹೊಗೆ ಕಾಣಬೇಕು?

"ನಾವು ಗುಂಡಿಗೆ ಕಾಯುವವರು," ಅಂದರು. "ಕೇಳಲಿಲ್ಲ. ಸಂತೆಯಲ್ಲಿ ಸುದ್ದಿ ಸಿಕ್ಕಿತು, ವಾರ ಕಳೆದು. ಹೇಳದವರ ಮನೆಗೆ ಹೋಗುವುದು ಹೇಗೆ? ನಿಮ್ಮ ದುಃಖ ನಿಮ್ಮಲ್ಲೇ ಇರಲಿ ಅಂತ ನಿಮಗೆ ಇದೆ ಅಂದುಕೊಂಡೆವು."

ಇವರು ಒಲೆ ಆರಿಸಿ ಕಾದರು, ಅವರು ಗುಂಡಿಗೆ ಕಿವಿಯಿಟ್ಟು ಕಾದರು. ಮುಕ್ಕಾಲು ಮೈಲಿಯ ಅಂತರದಲ್ಲಿ ಎರಡು ಕಡೆಯ ಮರ್ಯಾದಸ್ಥರು ತಮ್ಮ ತಮ್ಮ ಪದ್ಧತಿಯನ್ನು ಒಂದಿಷ್ಟೂ ತಪ್ಪದೆ ಪಾಲಿಸಿದರು. ನಡುವೆ ಒಬ್ಬ ತಾಯಿ ಮೂರು ದಿನ ಒಬ್ಬಳೇ ಅತ್ತಳು.

ಮತ್ತೆ ನಾನು? ನನಗೆ ಎರಡೂ ಪದ್ಧತಿ ಗೊತ್ತಿತ್ತು. ಹಾಸನದ ಕಡೆ ಟ್ರೈನಿಂಗ್ ಮಾಡಿದವನು ನಾನು. ಸಂತೆಯಲ್ಲಿ ನನಗೂ ಸುದ್ದಿ ಸಿಕ್ಕಿತ್ತು. ಹೋಗಿ ಏನು ಮಾತಾಡುವುದು ಅಂತ ಅಂದುಕೊಂಡು, ಒಣಮೀನು ಕಟ್ಟಿಸಿಕೊಂಡು ಮನೆಗೆ ಹೋದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗಲಿ.

ಆ ಮಧ್ಯಾಹ್ನ ಮತ್ತೆ ಯಾರೂ ಕೆಲಸಕ್ಕೆ ಹೋಗಲಿಲ್ಲ. ಪೊನ್ನಪ್ಪಜ್ಜನೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿ ಕಳಿಸಿ ಪಿಕ್ಕಿಂಗ್ ನಿಲ್ಲಿಸಿದರು. ತಮಟೆಯವರಿಗೆ "ಬಾರಿಸಿ, ಆದರೆ ಬೇರೆ ಬಾರಿಸಿ" ಅಂತ ಆರ್ಡರ್ ಆಯಿತು. ನಿಂಗೇಗೌಡನ ಮನೆಯಲ್ಲಿ ಇದ್ದದ್ದು ನಾಲ್ಕು ಲೋಟ. ಪೂವಮ್ಮಜ್ಜಿಯ ಮನೆಯಿಂದ ಕಾಫಿಪುಡಿ ಬಂತು, ಮಾಪಿಳ್ಳೆ ಅಂಗಡಿಯಿಂದ ಬೆಲ್ಲ ಬಂತು, ಲೋಟ ಸಿಗದವರು ತೆಂಗಿನ ಚಿಪ್ಪಿನಲ್ಲಿ ಕುಡಿದರು. ಯಾರು ಯಾರ ಮನೆಯ ನೀರು ಮುಟ್ಟಬಹುದು ಅನ್ನುವ ಲಿಸ್ಟು ಆವತ್ತು ಯಾರ ಜೇಬಿನಲ್ಲೂ ಇರಲಿಲ್ಲ. ಮುರುಗೇಶ ತಂದ ಬಿದಿರನ್ನು ಏನು ಮಾಡುವುದು ಅಂತ ಪ್ರಶ್ನೆ ಬಂತು. ಅವರೆ ಬಳ್ಳಿಗೆ ಚಪ್ಪರ ಹಾಕುತ್ತೇನೆ ಅಂತ ನಿಂಗೇಗೌಡ ಇಟ್ಟುಕೊಂಡ.

ನಿನ್ನೆ ಮತ್ತೆ ಹೋಗಿದ್ದೆ. ಕೋವಿ ಇಲ್ಲದೆ. ಗಾಡಿ ಇರಲಿಲ್ಲ. ಹೊರಟೇಬಿಟ್ಟರೋ ಅಂದುಕೊಂಡೆ. "ಅವಳಣ್ಣ ಊರಿಗೆ ಹೋದ," ಅಂದ ನಿಂಗೇಗೌಡ. "ಒಬ್ನೇ ಹೋದ. ಅವರವ್ವನ್ನ ಇಲ್ಲಿಗೇ ಕರ್ಕೊಂಡ್ ಬತ್ತಾನೆ, ಬಾಣಂತನಕ್ಕೆ."

ಒಬ್ಬನೇ! ನನಗೆ ಆದ ಸಂತೋಷಕ್ಕೆ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಪುಟ್ಟಮ್ಮ ಬಾಗಿಲಿಗೆ ಬಂದು ಗೋಡೆಗೆ ಒರಗಿ ಕೂತಳು. ತಲೆಗೆ ಬಟ್ಟೆ ಕಟ್ಟಿದ್ದಳು, ಎರಡು ಕೈಯಲ್ಲಿ ಎರಡು ಕೂಸು. ಮೂರು ವರ್ಷದಲ್ಲಿ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಪೂವಮ್ಮಜ್ಜಿ ದಿನಾ ಬಂದು ಎಣ್ಣೆ ಹಚ್ಚುತ್ತಾರೆ ಅಂದಳು. ಮೊನ್ನೆ ಲೈನಿನವರು ನುಗ್ಗೆಸೊಪ್ಪು ತಂದರು ಅಂದಳು. ಆಮೇಲೆ ಎರಡು ಕೂಸನ್ನೂ ಮಡಿಲಿಗೆ ಸರಿಸಿಕೊಂಡಳು. ಮುಖದಲ್ಲಿ ನಗು ಇತ್ತು, ಆದರೆ ಕೇಳಿದ್ದು ನಗೆಯ ಮಾತಲ್ಲ.

"ಹುಟ್ಟಿದ್ರೆ ಒಂದು, ಸತ್ರೆ ಎರಡು, ಸರಿ ಮೇಷ್ಟ್ರೇ. ಸುಮ್ನೆ ಬದುಕಿರೋರ ಮನೆಗೆ ಬರೋಕೆ ನಿಮ್ಮೂರಲ್ಲಿ ಎಷ್ಟು ಹೊಡೀಬೇಕು?"